ಲಂಡನ್ನಿನಿಂದ ಆಸ್ಟ್ರೇಲಿಯಕ್ಕೆ: ದೂರವೂ ಕಾಲವೂ

ಭೂಗೋಲದ ಮೇಲೆ ಲಂಡನ್ನಿನಿಂದ ಸಿಡ್ನಿಗೆ ದಾರವನ್ನೆಳೆದು ಅಳೆದರೆ ಸುಮಾರು 10,500 ಮೈಲಿಗಳಾಗುವುವು. ಈ ದೂರವು ನಮ್ಮ ಪೂರ್ವಿಕರ ಕಾಲದಲ್ಲಿ ಎಷ್ಟಿದ್ದಿತೋ ಇಂದಿಗೂ ಅಷ್ಟೇ ಇದೆ. ಪ್ರಯಾಣದ ಕಾಲವಾದರೋ, ಹಬೆಹಡಗಿನ ದಿನಗಳ ಐದಾರು ವಾರಗಳಿಂದ ಈಗ ಸುಮಾರು ಒಂದು ದಿನಕ್ಕೆ ಇಳಿದಿದೆ. ಯಂತ್ರದ ವೇಗವೊಂದೇ ಇದಕ್ಕೆ ಕಾರಣವೆಂದು ನಾವು ಭಾವಿಸುವುದುಂಟು. ಆದರೆ ಈ ದಾರಿಯ ಚರಿತ್ರೆಯು ಬೇರೊಂದು ಮಾತನ್ನೂ ಹೇಳುತ್ತದೆ.

1919ನೆಯ ನವೆಂಬರ್ 12ರಂದು ರಾಸ್ ಸ್ಮಿತ್ ಮತ್ತು ಕೀತ್ ಸ್ಮಿತ್ ಎಂಬ ಸೋದರರು ಇಬ್ಬರು ಯಂತ್ರಜ್ಞರೊಡನೆ ಲಂಡನ್ನಿನ ಬಳಿಯ ಹೌನ್ಸ್ಲೋದಿಂದ ಹೊರಟು, ಡಿಸೆಂಬರ್ 10ರಂದು ಆಸ್ಟ್ರೇಲಿಯದ ಉತ್ತರ ತೀರದ ಡಾರ್ವಿನ್ನನ್ನು ಸೇರಿದರು. ಹಿಡಿದುದು 28 ದಿನಗಳೊಳಗೆ. ಆಕಾಶದಲ್ಲಿ ಕಳೆದುದು ಸುಮಾರು 135 ಗಂಟೆ ಮಾತ್ರ. ಉಳಿದ ಕಾಲವೆಲ್ಲ ನೆಲದ ಮೇಲೆಯೇ ಸಂದಿತು. ಜಾವಾದ ಸುರಬಾಯದಲ್ಲಿ ಚಕ್ರಗಳು ಕೆಸರಿನಲ್ಲಿ ಹೂತಾಗ ಊರಿನ ಜನರು ತಂದು ಹಾಸಿದ ಬಿದಿರಿನ ಚಾಪೆಗಳ ಮೇಲಿನಿಂದ ವಿಮಾನವು ಮೇಲೆದ್ದಿತು. ಆ ಜನರ ನೆರವಿಲ್ಲದೆ ಆ ಯಾತ್ರೆಯು ಅಲ್ಲಿಯೇ ನಿಲ್ಲುತ್ತಿದ್ದಿತು.

1935ರಲ್ಲಿ ಬ್ರಿಸ್ಬೇನಿಗೂ ಲಂಡನ್ನಿಗೂ ಪ್ರಯಾಣಿಕರ ಸಂಚಾರವು ಏರ್ಪಟ್ಟಿತು. ಯೂರೋಪಿನಲ್ಲಿ ಕೆಲವು ದೂರ ರೈಲನ್ನೂ ಏರಿ, ಹನ್ನೆರಡೂವರೆ ದಿನಗಳಲ್ಲಿ ಊರು ಸೇರಬಹುದಾಗಿದ್ದಿತು. ಏಳು ವರ್ಷಗಳೊಳಗೆ ಯುದ್ಧವು ಆ ದಾರಿಯನ್ನು ತುಂಡರಿಸಿತು. 1942ರ ಫೆಬ್ರವರಿಯಲ್ಲಿ ಸಿಂಗಪುರವು ಜಪಾನೀಯರ ವಶವಾಯಿತು.

ಆಗ 1943ರಿಂದ ಕ್ಯಾಟಲೀನ ಎಂಬ ಜಲವಿಮಾನಗಳು ಪರ್ತ್ ನಗರದಿಂದ ಸಿಂಹಳದ ಕೊಗ್ಗಲ ಸರೋವರದವರೆಗೆ ಸುಮಾರು 3,500 ಮೈಲಿಗಳ ಸಮುದ್ರವನ್ನು ಎಲ್ಲಿಯೂ ಇಳಿಯದೆ ದಾಟತೊಡಗಿದುವು. ಶತ್ರುವಿಗೆ ಸುಳಿವು ಸಿಗದಂತೆ ನಿಸ್ತಂತು ಯಂತ್ರವನ್ನು ಮೌನವಾಗಿರಿಸಿ, ನಕ್ಷತ್ರಗಳನ್ನು ನೋಡಿ ದಾರಿಯನ್ನು ಗೊತ್ತುಮಾಡಿಕೊಳ್ಳುತ್ತಿದ್ದರು. ಇಂಧನದ ಭಾರದಿಂದಾಗಿ ಮೂವರು ಪ್ರಯಾಣಿಕರಿಗೂ ಸ್ವಲ್ಪ ಟಪಾಲಿಗೂ ಮಾತ್ರ ಸ್ಥಳವಿದ್ದಿತು. ಒಂದೇ ಪಯಣದಲ್ಲಿ ಎರಡು ಸೂರ್ಯೋದಯಗಳು ಕಾಣುತ್ತಿದ್ದುವು. ಎರಡು ವರ್ಷಗಳಲ್ಲಿ 271 ಬಾರಿ ಸಾಗರವನ್ನು ದಾಟಿದರೂ ಒಂದು ವಿಮಾನವೂ ನಷ್ಟವಾಗಲಿಲ್ಲ.

ಶಾಂತಿಯು ಮರಳಿದ ಮೇಲೆ, 1947ರ ಡಿಸೆಂಬರ್ ಮೊದಲ ದಿನ, ಸಿಡ್ನಿಯಿಂದ ಹೊರಟ ಕಾನ್ಸ್ಟಲೇಷನ್ ವಿಮಾನವು ಸಿಂಗಪುರ, ಕಲ್ಕತ್ತ, ಕರಾಚಿ, ಕೈರೋಗಳ ಮಾರ್ಗವಾಗಿ ಸುಮಾರು ನಾಲ್ಕು ದಿನಗಳಲ್ಲಿ ಲಂಡನ್ನನ್ನು ಸೇರಿತು. 2018ರ ಮಾರ್ಚಿಯಲ್ಲಿ ಪರ್ತಿನಿಂದ ಲಂಡನ್ನಿಗೆ ನಡುವೆ ಎಲ್ಲಿಯೂ ಇಳಿಯದ ಸಂಚಾರವು ಆರಂಭವಾಯಿತು. ಸುಮಾರು 9,000 ಮೈಲಿಗಳಿಗೆ ಸುಮಾರು 17 ಗಂಟೆ. ತಂಗುದಾಣಗಳ ಕಾಲವು ಮುಗಿಯಿತೆಂದು ಅನೇಕರು ಎಣಿಸಿದರು. ಆದರೆ 2024ರಲ್ಲಿ ಪಶ್ಚಿಮ ಏಷ್ಯದ ಕಲಹದಿಂದಾಗಿ ಇರಾನಿನ ಆಕಾಶವನ್ನು ಬಳಸಿ ಹೋಗಬೇಕಾದಾಗ, ಇದೇ ಸಂಚಾರದ ವಿಮಾನವು ಇಂಧನಕ್ಕಾಗಿ ಮತ್ತೆ ಸಿಂಗಪುರದಲ್ಲಿ ಇಳಿಯಬೇಕಾಯಿತು.

ಮೈಲಿಗಳನ್ನು ಭೂಮಿಯು ನಿಶ್ಚಯಿಸಿದೆ. ಗಂಟೆಗಳನ್ನು ಯಂತ್ರದೊಡನೆ ಮನುಷ್ಯರ ಪರಸ್ಪರ ಸೌಹಾರ್ದವೂ ನಿಶ್ಚಯಿಸುತ್ತದೆ. ಅದು ಕೆಟ್ಟಾಗ ಸಮೀಪವಾದ ಊರೂ ನಮಗೆ ದೂರವಾಗುವುದು.