ಟಿಖೋನ್ ಖ್ರೆನ್ನಿಕೊವ್: ಕುರ್ಚಿಯ ಮೇಲಿನ ಸಂಗೀತಗಾರ

ಶಾಸ್ತಾಕೊವಿಚ್, ಪ್ರೊಕೊಫಿಯೆವ್ ಹೆಸರುಗಳನ್ನು ನಮ್ಮಲ್ಲಿ ಹಲವರು ಕೇಳಿರುತ್ತೀರಿ. ಅವರಿಬ್ಬರನ್ನೂ ತುಂಬಿದ ಸಭೆಯಲ್ಲಿ ಟೀಕಿಸಿದ ಟಿಖೋನ್ ಖ್ರೆನ್ನಿಕೊವ್ ಅವರ ಹೆಸರು ಅಷ್ಟು ಪರಿಚಿತವಲ್ಲ. ನನಗೆ ಅವರ ಸಂಗೀತಕ್ಕಿಂತ ಅವರ ಕುರ್ಚಿಯ ಕಥೆಯೇ ಹೆಚ್ಚು ಕುತೂಹಲ.

1913ರಲ್ಲಿ ರಷ್ಯಾದ ಯೆಲೆಟ್ಸ್ ಎಂಬ ಊರಿನಲ್ಲಿ, ಹತ್ತು ಮಕ್ಕಳಲ್ಲಿ ಕೊನೆಯವರಾಗಿ ಹುಟ್ಟಿದರು. ಮಾಸ್ಕೋದಲ್ಲಿ ಶೆಬಾಲಿನ್ ಅವರ ಶಿಷ್ಯರಾದರು. ಪ್ರತಿಭೆಗೇನೂ ಕೊರತೆ ಇರಲಿಲ್ಲ. 1939ರ ಅವರ ಒಪೆರಾದಲ್ಲಿ ಲೆನಿನ್ನರೇ ಪಾತ್ರವಾಗಿ ಬರುತ್ತಾರೆ. ಆದರೆ ಹಾಡುವುದಿಲ್ಲ, ಮಾತಾಡುತ್ತಾರೆ ಅಷ್ಟೆ! ಸಿನಿಮಾ ಹಾಡುಗಳಂತೂ ಮನೆಮಾತಾದವು.

1948ರ ಫೆಬ್ರುವರಿಯಲ್ಲಿ ಕಮ್ಯುನಿಸ್ಟ್ ಪಕ್ಷ ಕೆಲವು ಸಂಗೀತಗಾರರ ಮೇಲೆ, ಜನರಿಗೆ ಅರ್ಥವಾಗದ ಸಂಗೀತ ಬರೆಯುತ್ತಾರೆಂಬ ಆರೋಪ ಹೊರಿಸಿತು. ಏಪ್ರಿಲ್‌ನ ಸಮ್ಮೇಳನದಲ್ಲಿ ಅದನ್ನೇ ಗಟ್ಟಿಯಾಗಿ ಹೇಳಿದವರು 34 ವರ್ಷದ ಖ್ರೆನ್ನಿಕೊವ್. ಆರೋಪಿಗಳ ಪಟ್ಟಿಯಲ್ಲಿ ಅವರ ಗುರು ಶೆಬಾಲಿನ್ ಕೂಡ ಇದ್ದರು. ಭಾಷಣ ತನ್ನದಲ್ಲ, ಬರೆದು ಕೊಟ್ಟಿದ್ದು ಎಂದು ಮುಂದೆ ಹೇಳಿಕೊಂಡರು. ಇರಬಹುದು. ಓದಿದ್ದಂತೂ ಅವರೇ ತಾನೇ?

ಅಂದು ಹಿಡಿದ ಸಂಗೀತ ರಚನಕಾರರ ಸಂಘದ ಚುಕ್ಕಾಣಿಯನ್ನು ಬಿಟ್ಟಿದ್ದು 1991ರಲ್ಲಿ. ಸ್ಟಾಲಿನ್ ಹೋದರು, ಕ್ರುಶ್ಚೇವ್ ಹೋದರು, ಬ್ರೆಜ್ನೇವ್ ಹೋದರು. ಇವರು ಮಾತ್ರ 43 ವರ್ಷ ಅಲ್ಲೇ. ಸಂಘವೆಂದರೆ ನಮ್ಮ ಸಂಘದಂತಲ್ಲ. ಮನೆ, ಕೆಲಸ, ಪ್ರಕಟಣೆ, ವಿದೇಶ ಪ್ರಯಾಣ ಎಲ್ಲಕ್ಕೂ ಅದರ ಕೃಪೆ ಬೇಕಿತ್ತು.

ಅವರ ಪರವಾಗಿಯೂ ಮಾತಿದೆ. ಲೇಖಕರ ಸಂಘದಲ್ಲಿ ಎಷ್ಟೋ ಮಂದಿ ಬಂಧನಕ್ಕೆ, ಗುಂಡಿಗೆ ಬಲಿಯಾದರು. ತಮ್ಮ ಸಂಘದವರನ್ನು ತಾನು ಕಾಪಾಡಿದೆ ಎಂಬುದು ಖ್ರೆನ್ನಿಕೊವ್ ಅವರ ವಾದ. ಹೆಂಡತಿ ಕ್ಲಾರಾ ಯಹೂದಿ. ಯಹೂದಿಗಳ ಮೇಲೆ ಸಂಶಯ ತುಂಬಿದ್ದ ಸ್ಟಾಲಿನ್ನರ ಕೊನೆಯ ವರ್ಷಗಳಲ್ಲಿ ಆ ಮನೆಯಲ್ಲೂ ಭಯ ಇದ್ದೇ ಇತ್ತು.

ಆದರೆ 1979ಕ್ಕೆ ಆ ನೆಪ ಹೊಂದುವುದಿಲ್ಲ. ಸ್ಟಾಲಿನ್ ಸತ್ತು 26 ವರ್ಷವಾಗಿತ್ತು. ಆಗಲೂ ಏಳು ಮಂದಿಯ ಹೆಸರು ಹಿಡಿದು ಖಂಡಿಸಿದರು. ಅವರಲ್ಲಿ ಇಬ್ಬರು ಹೆಂಗಸರು: ಎಲೆನಾ ಫಿರ್ಸೋವಾ, ಸೋಫಿಯಾ ಗುಬೈದುಲಿನಾ. ಗುಬೈದುಲಿನಾ ಅವರ ಹೊಟ್ಟೆಪಾಡು ಹೆಚ್ಚಾಗಿ ನಡೆದದ್ದು ಸಿನಿಮಾ ಸಂಗೀತದಿಂದ. ನಮ್ಮ ಕಾಡಿನ ಹುಡುಗ ಮೌಗ್ಲಿಯ ರಷ್ಯನ್ ಕಾರ್ಟೂನಿಗೆ ಸಂಗೀತ ಅವರದೇ! ಫಿರ್ಸೋವಾ 1991ರಲ್ಲಿ ಇಂಗ್ಲೆಂಡಿಗೆ, ಗುಬೈದುಲಿನಾ ಮರುವರ್ಷ ಜರ್ಮನಿಗೆ ಹೋಗಿ ನೆಲೆಸಿದರು.

ಖ್ರೆನ್ನಿಕೊವ್ 2007ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಮಣ್ಣು ಮಾಡಿದ್ದು ಹುಟ್ಟೂರು ಯೆಲೆಟ್ಸ್‌ನಲ್ಲೇ. ಗುಬೈದುಲಿನಾ 2025ರ ಮಾರ್ಚ್‌ವರೆಗೂ ಬದುಕಿದ್ದರು. ಅಷ್ಟರಲ್ಲಿ ಜಗತ್ತಿನ ದೊಡ್ಡ ದೊಡ್ಡ ವಾದ್ಯವೃಂದಗಳೆಲ್ಲ ಅವರ ಕೃತಿಗಳನ್ನು ನುಡಿಸಿದ್ದವು.