ಅಂತರ ಇಲಾಖಾ ಆಟಿಸಂ ಸಮನ್ವಯ ಸಮಿತಿ

ಆಟಿಸಂ ಕುರಿತ ಸಂಶೋಧನೆ, ಸೇವೆ ಮತ್ತು ನೀತಿಗಳಲ್ಲಿ ಹೊಂದಾಣಿಕೆ ತರಲು ಅಮೆರಿಕದ ಒಕ್ಕೂಟ ಸರ್ಕಾರ ರಚಿಸಿರುವ ಸಲಹಾ ಸಮಿತಿ. ಇದು 2000ದ ಮಕ್ಕಳ ಆರೋಗ್ಯ ಕಾಯ್ದೆಯಿಂದ ಹುಟ್ಟಿತು. 2006ರ ಕಾಯ್ದೆ ಇದನ್ನು ಹೊಸದಾಗಿ ಕಟ್ಟಿತು. ಸಮಿತಿ ಸಲಹೆ ನೀಡುವುದು ಆರೋಗ್ಯ ಮತ್ತು ಮಾನವ ಸೇವೆಗಳ ಇಲಾಖೆಯ ಕಾರ್ಯದರ್ಶಿಗೆ, ಅಂದರೆ ಆ ದೇಶದ ಆರೋಗ್ಯ ಸಚಿವರಿಗೆ.

ಮಗುವಿಗೆ ಆಟಿಸಂ ಇದೆ ಎಂದು ತಿಳಿದ ಕುಟುಂಬಕ್ಕೆ ವೈದ್ಯರು, ಶಾಲೆ, ವಿಮೆ, ಮುಂದೆ ಉದ್ಯೋಗ, ವಸತಿ ಎಲ್ಲವೂ ಬೇಕು. ಸರ್ಕಾರದಲ್ಲಿ ಇವೆಲ್ಲ ಬೇರೆ ಬೇರೆ ಕಚೇರಿಗಳ ಪಾಲು. ಆ ಕಚೇರಿಗಳ ಅಧಿಕಾರಿಗಳು ಇಲ್ಲಿ ಒಟ್ಟಿಗೆ ಕೂರುತ್ತಾರೆ. ಅವರ ಜೊತೆಗೆ ಆಟಿಸಂ ಇರುವವರು, ಪೋಷಕರು, ಸಂಘಟನೆಗಳ ಪ್ರತಿನಿಧಿಗಳೂ ಸದಸ್ಯರು. 2006ರಲ್ಲಿ ಈ ಮೂರು ವರ್ಗಗಳಿಗೆ ಕನಿಷ್ಠ ಒಂದೊಂದು ಸ್ಥಾನವಿತ್ತು. 2014ರಲ್ಲಿ ಅದು ಎರಡಾಯಿತು, 2019ರಲ್ಲಿ ಮೂರಾಯಿತು. ಸಮಿತಿಯ ಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯವಾದ ಬದಲಾವಣೆ ಇನ್ನೊಂದಿಲ್ಲ.

ಸಂಶೋಧನೆಗೆ ಹಣ ಹಂಚುವ ಅಧಿಕಾರ ಸಮಿತಿಗಿಲ್ಲ. ಯಾವ ಪ್ರಶ್ನೆಗೆ ಮೊದಲು ಉತ್ತರ ಹುಡುಕಬೇಕು ಎಂಬ ಕಾರ್ಯಯೋಜನೆಯನ್ನು ಅದು ರೂಪಿಸುತ್ತದೆ. ಮೊದಲ ಯೋಜನೆ ಹೊರಬಂದದ್ದು 2009ರಲ್ಲಿ.

ಸಲಹೆಗೂ ಬಲವಿದೆ ಎಂಬುದಕ್ಕೆ 2011ರ ಪ್ರಸಂಗ ಸಾಕ್ಷಿ. ಆಟಿಸಂ ಇರುವ ಮಕ್ಕಳು ದೊಡ್ಡವರ ಕಣ್ಣು ತಪ್ಪಿ ಹೊರಟುಬಿಡುವುದು, ನೀರಿಗೆ ಬಿದ್ದೋ ವಾಹನಕ್ಕೆ ಸಿಕ್ಕೋ ಸಾಯುವುದು ಪೋಷಕರನ್ನು ಕಾಡುತ್ತಿದ್ದ ಭಯ. ಸಮಿತಿ ಈ ಬಗ್ಗೆ ಕಾರ್ಯದರ್ಶಿಗೆ ಪತ್ರ ಬರೆಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೀಗೆ ಅಲೆದು ಹೋಗುವುದನ್ನು ವೈದ್ಯಕೀಯ ದಾಖಲೆಯಲ್ಲಿ ಗುರುತಿಸುವ ಸಂಕೇತ ಜಾರಿಗೆ ಬಂತು. ಇದನ್ನೇ ನೆಪ ಮಾಡಿಕೊಂಡು ತಮ್ಮನ್ನು ಕೂಡಿಹಾಕಬಹುದು ಎಂದು ಆಟಿಸಂ ಇರುವ ಹೋರಾಟಗಾರರು ವಿರೋಧಿಸಿದ್ದರು. ಆ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ. ಇಂಥ ಭಿನ್ನಮತ ಕೇಳಿಬರಲೆಂದೇ ಅವರಿಗೆ ಸಮಿತಿಯಲ್ಲಿ ಸ್ಥಾನ ಬೇಕು.

ದೊಡ್ಡ ಕೊರತೆ ವಯಸ್ಕರ ವಿಷಯದಲ್ಲಿದೆ. ಸಂಶೋಧನೆಯ ಹಣದಲ್ಲಿ ಹೆಚ್ಚಿನ ಭಾಗ ಜೀವವಿಜ್ಞಾನ ಮತ್ತು ಕಾರಣಗಳ ಶೋಧಕ್ಕೆ ಹೋಗುತ್ತದೆ. ವಯಸ್ಕರ ಬದುಕಿನ ಅಧ್ಯಯನಕ್ಕೆ ಸಿಗುವುದು ತೀರಾ ಸಣ್ಣ ಪಾಲು. ಅಮೆರಿಕದಲ್ಲಿ 2000ದಲ್ಲಿ ನಡೆದ ಸಮೀಕ್ಷೆಯಲ್ಲಿ 8 ವರ್ಷದ 150 ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ ಗುರುತಿಸಲಾಗಿತ್ತು. 2022ರಲ್ಲಿ 31ರಲ್ಲಿ ಒಬ್ಬರಿಗೆ. ಗುರುತಿಸುವ ಕ್ರಮ ಸುಧಾರಿಸಿದ್ದೂ ಈ ಏರಿಕೆಗೆ ಒಂದು ಕಾರಣ. ಆ ಮೊದಲ ಸಮೀಕ್ಷೆಯ ಮಕ್ಕಳು ಈಗ 30 ದಾಟಿದ ವಯಸ್ಕರು. 2019ರ ಕಾಯ್ದೆ ಸಂಶೋಧನೆ ಮತ್ತು ಸೇವೆಗಳು ಜೀವಿತದ ಎಲ್ಲ ಹಂತಗಳನ್ನೂ ಒಳಗೊಳ್ಳಬೇಕೆಂದು ಹೇಳಿತು. 2024ರ ಡಿಸೆಂಬರ್‌ನಲ್ಲಿ ಕಾಯ್ದೆಯನ್ನು ಮತ್ತೆ ನವೀಕರಿಸಲಾಯಿತು.