ಟಂಕನ ದೋಷವೋ, ನಂತರದ ಹಾನಿಯೋ: ಒಂದು ಟಿಪ್ಪಣಿ

1. ವ್ಯಾಪ್ತಿ

ಈ ಟಿಪ್ಪಣಿ 1992ರಿಂದೀಚಿನ ಭಾರತದ ಒಂದು ಮತ್ತು ಐದು ರೂಪಾಯಿ ನಾಣ್ಯಗಳಿಗೆ ಸೀಮಿತ. ಬಿಲ್ಲೆ ಸಿದ್ಧವಾಗುವಾಗ ಅಥವಾ ಅಚ್ಚೊತ್ತುವಾಗ ಉಂಟಾದದ್ದನ್ನು ಟಂಕನ ದೋಷವೆಂದೂ ಆ ಬಳಿಕದ್ದನ್ನು ಹಾನಿಯೆಂದೂ ಇಲ್ಲಿ ಪರಿಗಣಿಸಿದೆ. ಲೋಹ ಯಾವ ಹಂತದಲ್ಲಿ ಸರಿಯಿತು ಎಂಬುದೇ ಮುಖ್ಯ ಪ್ರಶ್ನೆ.

2. ಲಖಿ

ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡಿದ್ದರೆ, ಮುಂದಿನ ಬಿಲ್ಲೆಯ ಮೇಲೆ ಅದರ ಚಿತ್ರ ತಗ್ಗಾಗಿ, ಎಡಬಲ ತಿರುವುಮುರುವಾಗಿ ಮೂಡುತ್ತದೆ. ಸಂಗ್ರಾಹಕರು ಇದನ್ನು ಲಖಿ ಎನ್ನುತ್ತಾರೆ. ಎರಡು ನಾಣ್ಯಗಳನ್ನು ಬೆಂಚ್ ವೈಸ್‌ನಲ್ಲಿಟ್ಟು ಬಿಗಿದರೂ ಇಂಥದೇ ಗುರುತು ಬೀಳುವುದರಿಂದ, ತಿರುವಿದ ಚಿತ್ರವೊಂದೇ ಸಾಕ್ಷ್ಯವಾಗದು.

1992–2004ರ ಸ್ಟೀಲ್ ಒಂದು ರೂಪಾಯಿಯನ್ನು (4.85 ಗ್ರಾಂ, 25 ಮಿ.ಮೀ.) ಉದಾಹರಣೆಯಾಗಿ ನೋಡಬಹುದು. ಲಾಂಛನದ ಮುಖದ ಪೂರ್ಣ ಲಖಿಯಲ್ಲಿ ಒಂದು ಮುಖದ ಸಿಂಹಲಾಂಛನ ಉಬ್ಬಾಗಿಯೂ ಇನ್ನೊಂದರದು ತಗ್ಗಾಗಿಯೂ ಇರುತ್ತದೆ. ‘1’ ಅಂಕಿಯ ಹಾಗೂ ತೆನೆಗಳ ಕುರುಹು ಇರದು. ವೈಸ್‌ನಲ್ಲಿ ಒತ್ತಿದ್ದರೆ, ತಗ್ಗಾದ ಲಾಂಛನದ ಸುತ್ತ ಚಪ್ಪಟೆಯಾದ ‘1’ ಅಥವಾ ತೆನೆಯ ಅವಶೇಷ ಸಾಮಾನ್ಯವಾಗಿ ಭೂತಗನ್ನಡಿಗೆ ಸಿಗುತ್ತದೆ. ಅಂಟಿಕೊಂಡ ನಾಣ್ಯ ಹಲವು ಬಾರಿ ಒತ್ತಿಗೆ ಸಿಕ್ಕಿ ಹಿಗ್ಗಿದ್ದರೆ ನಿಜವಾದ ಲಖಿಯೂ ಮಸುಕಾಗಿರಬಹುದು. ಆದ್ದರಿಂದ ಮಸುಕನ್ನು ವಿರುದ್ಧ ಸಾಕ್ಷ್ಯವೆಂದು ಎಣಿಸುವಂತಿಲ್ಲ.

3. ಅಂಚಿನ ಕೊರತೆ

ಲೋಹದ ಪಟ್ಟಿಯಲ್ಲಿ ಹಿಂದಿನ ರಂಧ್ರದ ಮೇಲೆಯೇ ಭಾಗಶಃ ಕತ್ತರಿ ಬಿದ್ದರೆ, ಬಿಲ್ಲೆಯಲ್ಲಿ ಕಮಾನಿನಾಕಾರದ ಕೊರತೆ ಉಳಿಯುತ್ತದೆ. ಆಗ ಅದರ ನೇರ ಎದುರಿನ ಅಂಚು ಸಾಮಾನ್ಯವಾಗಿ ದುರ್ಬಲವಾಗಿರುತ್ತದೆ (ಬ್ಲೇಕ್ಸ್ಲಿ ಪರಿಣಾಮ); ಕೊರತೆಯ ಬಳಿಯ ಅಕ್ಷರಗಳು ಅತ್ತ ಹರಿದಂತೆ ಕಾಣುತ್ತವೆ. ನಂತರ ಕತ್ತರಿಸಿದ ನಾಣ್ಯದಲ್ಲಿ ಎದುರಿನ ಅಂಚು ಪೂರ್ಣವಾಗಿದ್ದು, ಅಕ್ಷರಗಳು ಹಠಾತ್ತನೆ ತುಂಡಾಗಿರುತ್ತವೆ. ಸಣ್ಣ ಕೊರತೆಗಳಲ್ಲಿ ಈ ಪರಿಣಾಮ ತೋರದಿರಬಹುದು. ತೂಕ ಎರಡರಲ್ಲೂ ಕಡಿಮೆಯಾಗುವುದರಿಂದ ಇಲ್ಲಿ ಅದು ನಿರ್ಣಾಯಕವಲ್ಲ.

4. ಬಿರುಕು ಮತ್ತು ಗೀರು

ಅಚ್ಚಿನ ಬಿರುಕಿಗೆ ಲೋಹ ಹರಿಯುವುದರಿಂದ ನಾಣ್ಯದ ಮೇಲೆ ಉಬ್ಬು ಗೆರೆ ಏಳುತ್ತದೆ. ಗೀರು ತಗ್ಗಾಗಿರುತ್ತದೆ; ಅದರ ಬದಿಯಲ್ಲಿ ಸರಿದ ಲೋಹದ ದಿಂಡು ಕಾಣಬಹುದು. ಓರೆ ಬೆಳಕಿನಲ್ಲಿ ಉಬ್ಬುತಗ್ಗು ಅದಲುಬದಲಾಗಿ ಕಾಣುವ ಸಂಭವವಿದೆ. ನಾಣ್ಯವನ್ನು ತಿರುಗಿಸಿ ಮತ್ತೊಮ್ಮೆ ನೋಡುವುದು ಅಗತ್ಯ.

5. ತೂಕ ಮತ್ತು ವರ್ಷ

1992ರಲ್ಲಿ ಆರಂಭವಾದ ತಾಮ್ರ–ನಿಕಲ್ ಐದು ರೂಪಾಯಿಯ ನಿಗದಿತ ತೂಕ 9 ಗ್ರಾಂ. 2007ರ ಸ್ಟೀಲ್ ನಾಣ್ಯದ್ದು 6 ಗ್ರಾಂ. ವ್ಯಾಸ ಎರಡಕ್ಕೂ 23 ಮಿ.ಮೀ. ವರ್ಷ ಗಮನಿಸದಿದ್ದರೆ ಈ 3 ಗ್ರಾಂ ವ್ಯತ್ಯಾಸವನ್ನು ‘ತಪ್ಪು ಬಿಲ್ಲೆ’ ಎಂದು ಓದುವ ಅಪಾಯವಿದೆ.

6. ನಿರ್ಣಯ

ಪರಸ್ಪರ ಸ್ವತಂತ್ರವಾದ ಕನಿಷ್ಠ ಎರಡು ಲಕ್ಷಣಗಳು ಒಂದೇ ಹಂತವನ್ನು ಸೂಚಿಸಿದಾಗ ಮಾತ್ರ ಟಂಕನ ದೋಷವೆಂದು ದಾಖಲಿಸುವುದು ಯುಕ್ತ. ಉಳಿದವನ್ನು ‘ಅನಿರ್ಣೀತ’ ಎಂದೇ ಬಿಡಬೇಕು.